ಮಡಿಲಲ್ಲೊಂದು ತಂಬಿಗೆ

ಅರವತ್ತರ ಹೊಸ್ತಿಲಲ್ಲಿದ್ದ, ಪೊದೆ ಮೀಸೆಯ, ಆಜಾನುಬಾಹುವೆನ್ನಬಹುದಾದ ಗಂಡಸೊಬ್ಬರು ತುಂಬಿದ ತಂಬಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಎರಡು ಕೈಗಳಿಂದಲೂ ಅದನ್ನು ಬಳಸಿ ಹಿಡಿದು, ಆಟೋರಿಕ್ಷಾದ ಹಿಂದಿನ ಸೀಟಿನಲ್ಲಿ ತುಂಬು ಗರ್ಭಿಣಿಯ ಹಾಗೆ ಕಾಲು ಅಗಲಿಸಿ ಕೂತು, ಪ್ರತಿ ಗುಂಡಿಗೂ "ಅಪ್ಪಾ, ನಿಧಾನ, ನಿಧಾನ" ಎಂದು ನರಳುತ್ತಾ ಹೋಗುವುದನ್ನು ನೀವು ಕಂಡಿದ್ದರೆ, ಅವರ ತಲೆ ಸರಿಯಿಲ್ಲವೆಂದೇ ತೀರ್ಮಾನಿಸುತ್ತಿದ್ದಿರಿ. ನಾನೂ ಹಾಗೆಯೇ ತೀರ್ಮಾನಿಸಿದ್ದೆ. ಅವರು ನಮ್ಮೂರಿನ ಹೆರಿಗೆ ಆಸ್ಪತ್ರೆಯ ಪ್ರಾದೇಶಿಕ ಪ್ರಚಾರ ವಿಭಾಗದ ಮುಖ್ಯಸ್ಥರೆಂದೂ, ಕರಪತ್ರ ಬರೆಯುವ ಕೆಲಸಕ್ಕೆ ಸೇರಿದ ನಾನು ಮರುದಿನದಿಂದ ಅವರ ಕೈಕೆಳಗೇ ಇರಬೇಕೆಂದೂ ತಿಳಿದದ್ದು ಆಮೇಲೆ.

ಆ ಆಸ್ಪತ್ರೆ ಆಗ ಬೆಳೆಯುವ ವಯಸ್ಸಿನಲ್ಲಿತ್ತು. ಔಷಧದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವೈದ್ಯೆಯೊಬ್ಬರು ಆರಂಭಿಸಿದ್ದ ಅದು ಇಪ್ಪತ್ತು ವರ್ಷಗಳಲ್ಲಿ ನಾಲ್ಕಂತಸ್ತಿನ ಕಟ್ಟಡವಾಗಿ, ಅಕ್ಕಪಕ್ಕದ ಎರಡು ಪಟ್ಟಣಗಳಲ್ಲಿ ಶಾಖೆ ತೆರೆದು, ಈಗ ಹೊಳೆಯಾಚೆಯ ಊರುಗಳತ್ತ ಕಣ್ಣು ಹಾಯಿಸುತ್ತಿತ್ತು. ಆ ವೈದ್ಯೆಯನ್ನು ಎಲ್ಲರೂ ದೊಡ್ಡ ಡಾಕ್ಟರ್ ಎಂದು ಕರೆಯುತ್ತಿದ್ದರು. ಎತ್ತರದಲ್ಲಿ ಅವರು ನನ್ನ ಭುಜಕ್ಕೂ ಬರುತ್ತಿರಲಿಲ್ಲ, ಆದರೆ ಅವರೆದುರು ಎಲ್ಲರೂ ತಾವಾಗಿಯೇ ಕುಳ್ಳಗಾಗುತ್ತಿದ್ದರು. ಪ್ರಚಾರದ ಮುಖ್ಯಸ್ಥರಿಗಂತೂ ಊರಿನ ಆಟೋದವರು ಇಟ್ಟ ಹೆಸರು ತಂಬಿಗೆ ಸಾಹೇಬರು. ಅವರ ಸ್ವಂತ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು.

ಆಸ್ಪತ್ರೆಗೆ ಬರುವ ಮುಂಚೆ ಸಾಹೇಬರು ಇಪ್ಪತ್ತೆರಡು ವರ್ಷ ಮನೆಮನೆಗೆ ಹೊಲಿಗೆ ಯಂತ್ರ ಮಾರಿದವರು. ಯಂತ್ರವನ್ನು ಎಡಹೆಗಲ ಮೇಲೆ ಹೊತ್ತು ಅಷ್ಟು ವರ್ಷ ಮೆಟ್ಟಿಲು ಹತ್ತಿಳಿದ ಫಲವಾಗಿ ಆ ಹೆಗಲು ಇನ್ನೊಂದಕ್ಕಿಂತ ಎರಡಂಗುಲ ಇಳಿದುಹೋಗಿತ್ತು. ಹೊರೆ ಇಳಿಸಿ ದಶಕ ಕಳೆದಿದ್ದರೂ ಆ ಸುದ್ದಿ ಅವರ ನಡಿಗೆಗೆ ಇನ್ನೂ ತಲುಪಿರಲಿಲ್ಲ. ಬಿಸಿಲಿರಲಿ ಮಳೆಯಿರಲಿ, ಮೈಮೇಲೊಂದು ಬೂದಿಬಣ್ಣದ ಕೋಟು. ಅದರ ಒಳಮಗ್ಗುಲಲ್ಲಿ ತಂಬಿಗೆಗೆಂದೇ ಅವರು ಸ್ವತಃ ಹೊಲಿದುಕೊಂಡಿದ್ದ ದೊಡ್ಡ ಜೇಬು; ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕೋಟು ಹರಿದರೂ ಜೇಬು ಹರಿಯುವಂತಿರಲಿಲ್ಲ. ತಂಬಿಗೆ ಅದರೊಳಗೆ ಕೂತಾಗ ಹೊಟ್ಟೆಯ ಒಂದು ಮಗ್ಗುಲು ಉಬ್ಬಿಕೊಂಡು, ಇಳಿದ ಹೆಗಲಿಗೂ ಅದಕ್ಕೂ ಹೇಗೋ ಸರಿಹೋಗಿ, ಒಟ್ಟಿನಲ್ಲಿ ಮನುಷ್ಯ ನೆಟ್ಟಗೆ ನಿಂತಂತೆ ಕಾಣುತ್ತಿತ್ತು.

ಅವರ ಬಾಯಲ್ಲಿ ಯಾವಾಗಲೂ ಇದ್ದದ್ದು ಒಂದೇ ಪ್ರಶ್ನೆ: "ಕೂತು ನೋಡಿದ್ರಾ?" ಹೊಲಿಗೆ ಯಂತ್ರದ ಕಾಲದಿಂದಲೂ ಅದು ಅಂಟಿಕೊಂಡಿತ್ತಂತೆ. ಯಂತ್ರದ ಮುಂದೆ ತಾವೇ ಕೂತು ಒಂದು ಲಂಗವನ್ನಾದರೂ ಹೊಲಿಯದೆ ಅವರು ಯಾರಿಗೂ ಯಂತ್ರ ಮಾರಿರಲಿಲ್ಲ. ಯಾರು ಏನು ಹೇಳಿದರೂ, ಈ ಕುರ್ಚಿ ಚೆನ್ನಾಗಿದೆ ಅಂದರೂ, ಆ ರಸ್ತೆ ಹಾಳಾಗಿದೆ ಅಂದರೂ, ಅವರು ಮೀಸೆಯ ತುದಿಯನ್ನು ಒಮ್ಮೆ ಒತ್ತಿ, ತಲೆ ವಾಲಿಸಿ, ಅದನ್ನೇ ಕೇಳುತ್ತಿದ್ದರು.

ನನಗೆ ಆ ಪ್ರಶ್ನೆ ಎದುರಾದದ್ದು ಕೆಲಸಕ್ಕೆ ಸೇರಿದ ಎರಡನೆಯ ದಿನ. ಸಾಹಿತ್ಯದ ಅಹಂಕಾರ ಇನ್ನೂ ಇಳಿಯದ ನಾನು ಮೊದಲ ಕರಪತ್ರದಲ್ಲಿ "ಮಾತೃತ್ವವೆಂಬ ಮಹಾಯಾನದ ಸಹಯಾತ್ರಿ" ಎಂದು ಶುರುಮಾಡಿ, "ಸುಖಾಸನಗಳಿಂದ ಶೋಭಿಸುವ ನಿರೀಕ್ಷಣಾಲಯ" ಎಂಬಲ್ಲಿಗೆ ಬಂದು ಮುಗಿಸಿದ್ದೆ. ಸಾಹೇಬರು ಓದಿದರು. "ಮಹಾಯಾನ ಇರ್ಲಿ ಬಿಡಿ, ಅದು ಯಾರಿಗೂ ಅರ್ಥ ಆಗಲ್ಲ, ಹಾಗಾಗಿ ತೊಂದರೆಯೂ ಇಲ್ಲ. ಈ ಸುಖಾಸನದಲ್ಲಿ ಕೂತು ನೋಡಿದ್ರಾ?" ಎಂದರು. ನಾನು ಹೋಗಿ ಕೂತೆ. ಬೆಂಚಿನ ಅಂಚು ತೊಡೆಗೆ ಒತ್ತುತ್ತಿತ್ತು, ಬೆನ್ನಿಗೆ ಆಸರೆಯಿರಲಿಲ್ಲ; ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿದ್ದ ಏಳು ತಿಂಗಳ ಗರ್ಭಿಣಿಯೊಬ್ಬಳು ಕೂರುವುದನ್ನೇ ಬಿಟ್ಟು ಗೋಡೆಗೆ ಒರಗಿ ನಿಂತಿದ್ದಳು. ಯಾಕಮ್ಮ ಎಂದು ಕೇಳಿದ್ದಕ್ಕೆ, "ಕೂತ್ರೆ ಏಳೋಕಾಗಲ್ಲ ಅಣ್ಣ, ಕೈ ಊರೋಕೆ ಜಾಗಾನೇ ಇಲ್ಲ" ಎಂದಳು. ನಾನು ಮಹಾಯಾನದ ಸಮೇತ ಕರಪತ್ರವನ್ನು ಹರಿದುಹಾಕಿದೆ. ಮುಂದಿನ ವಾರವೇ ಬಡಗಿ ಬಂದು ಬೆಂಚುಗಳಿಗೆಲ್ಲ ಕೈಯಾಸರೆ ಕೂರಿಸಿದ. ಪ್ರಚಾರ ವಿಭಾಗಕ್ಕೂ ಬಡಗಿಗೂ ಏನು ಸಂಬಂಧ ಎಂದು ಲೆಕ್ಕಪತ್ರದವರು ಗೊಣಗಿದ್ದನ್ನು ಸಾಹೇಬರು ಕಿವಿಗೇ ಹಾಕಿಕೊಳ್ಳಲಿಲ್ಲ.

ಇನ್ನೊಮ್ಮೆ ರಸ್ತೆಬದಿಯ ದೊಡ್ಡ ಫಲಕಕ್ಕೆಂದು ಜಾಹೀರಾತಿನವರು ಚಿತ್ರವೊಂದನ್ನು ಕಳಿಸಿದ್ದರು: ಆಗತಾನೇ ಹೆತ್ತ ತಾಯಿ, ಬಾಚಿದ ತಲೆ, ಮುತ್ತಿನಂಥ ಹಲ್ಲು, ಎದೆಗೊರಗಿದ ಗುಂಡುಗುಂಡಾದ ಕೂಸು. ಸಾಹೇಬರು ಅದನ್ನು ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಬಳಿ ಒಯ್ದರು. ಆ ಸಿಸ್ಟರ್ ಕನ್ನಡಕ ಏರಿಸಿ ಒಂದು ಕ್ಷಣ ನೋಡಿ, "ನಾಲ್ಕು ತಿಂಗಳು ದಾಟಿದೆ. ಜೊಲ್ಲು ನೋಡಿ, ಇನ್ನೇನು ಹಲ್ಲು ಬರುತ್ತೆ" ಎಂದರು. ಚಿತ್ರ ವಾಪಸಾಯಿತು. ಅದರ ಬದಲು ಫಲಕದ ಮೇಲೆ ಬಂದದ್ದು ನಮ್ಮದೇ ಆಸ್ಪತ್ರೆಯಲ್ಲಿ ಹುಟ್ಟಿ ಒಂದು ದಿನವಾದ, ಕೆಂಪಗೆ ಸುಕ್ಕುಗಟ್ಟಿದ, ಯಾರ ಮೇಲೋ ಕೋಪಗೊಂಡಂತಿದ್ದ ಒಂದು ಮುಖ. ಜನ ಆಟೋ ನಿಲ್ಲಿಸಿ ನೋಡಿ ನಗುತ್ತಿದ್ದರು.

ತಂಬಿಗೆಯ ಮೂಲವೂ ಆ ಸಿಸ್ಟರೇ. ಹಾಳು ರಸ್ತೆಯಲ್ಲಿ ಬರುವ ಬಸುರಿಗೆ ಎಷ್ಟು ಕಷ್ಟವಾಗುತ್ತದೆ ಎಂದು ಸಾಹೇಬರು ಹೋದಲ್ಲಿ ಬಂದಲ್ಲಿ ಕೇಳಿ ಪ್ರಾಣ ತಿಂದಾಗ, ಆಕೆ ರೋಸಿಹೋಗಿ, "ತುಂಬಿದ ತಂಬಿಗೆ ಮಡಿಲಲ್ಲಿ ಇಟ್ಕೊಂಡು ಹೋಗಿ ನೋಡಿ ಸಾರ್, ಗೊತ್ತಾಗುತ್ತೆ" ಎಂದಿದ್ದರಂತೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವರು ಮನೆಗೆ ಹೋಗಿ ಅಡುಗೆಮನೆಯಿಂದ ಒಂದು ತಂಬಿಗೆ ಎತ್ತಿಕೊಂಡು ಬಂದರು. ಅಂದಿನಿಂದ ಆಸ್ಪತ್ರೆಯ ಸುತ್ತಲಿನ ಅಷ್ಟೂ ರಸ್ತೆಗಳಿಗೆ ಹೊಸ ಅಳತೆಯೊಂದು ಹುಟ್ಟಿಕೊಂಡಿತು. ತಲುಪುವಷ್ಟರಲ್ಲಿ ತಂಬಿಗೆಯ ಕಂಠದಿಂದ ಎಷ್ಟು ಬೆರಳು ನೀರು ಇಳಿದಿದೆ ಎನ್ನುವುದರ ಮೇಲೆ ಒಂದು ಬೆರಳಿನ ರಸ್ತೆ, ಎರಡು ಬೆರಳಿನ ರಸ್ತೆ. ಮೂರು ಬೆರಳು ದಾಟಿದರೆ ಅವರು ನಗರಸಭೆಗೆ ಅರ್ಜಿ ಬರೆಯುತ್ತಿದ್ದರು, ಅದನ್ನು ಒದ್ದೆ ಪ್ಯಾಂಟಿನಲ್ಲೇ ಹೋಗಿ ಕೊಟ್ಟುಬರುತ್ತಿದ್ದರು. ಗಡಿಯಾರ ನೋಡಿ ನಿಮಿಷವನ್ನೂ ಬರೆದುಕೊಳ್ಳುತ್ತಿದ್ದರು. ಹಾಗೆ ಕೂತು ಅಳೆಯದ ಒಂದೇ ಒಂದು ಸಂಖ್ಯೆ ನಮ್ಮ ಫಲಕಗಳ ಮೇಲೆ ಬರುವಂತಿರಲಿಲ್ಲ.

"ಎರಡು ಹೆತ್ತೋಳು ನಾನು, ಬಸುರಿ ನಡಿಗೆ ಮಾತ್ರ ಇವರದು" ಎಂದು ಅವರ ಹೆಂಡತಿ ಒಮ್ಮೆ ನನ್ನೆದುರೇ ಹಂಗಿಸಿದ್ದರು. ಆರು ತಂಬಿಗೆಗಳ ಸೆಟ್ಟು ಐದಕ್ಕಿಳಿದ ದುಃಖ ಆ ತಾಯಿಗೆ ಕೊನೆಯವರೆಗೂ ಇತ್ತು.

ಇಷ್ಟು ಹಠದ ಹಿಂದೆ ಏನೋ ನೋವಿನ ಕಥೆ ಇರಲೇಬೇಕೆಂದು ನನಗೆ ಅನುಮಾನ. ದಾರಿಯಲ್ಲೇ ಹೆರಿಗೆಯಾದ ತಂಗಿಯೋ, ತಡವಾಗಿ ತಲುಪಿದ ಹೆಂಡತಿಯೋ. ಮೆಲ್ಲಗೆ ಕೇಳಿಯೂ ಕೇಳಿದೆ. ಸಾಹೇಬರು ಗಹಗಹಿಸಿ ನಕ್ಕರು. "ಅಂಥದ್ದೇನೂ ಇಲ್ಲ ಸ್ವಾಮಿ. ನನ್ನ ಎರಡೂ ಮಕ್ಕಳು ಪಕ್ಕದ ಬೀದಿ ಆಸ್ಪತ್ರೆಯಲ್ಲಿ ಆರಾಮಾಗಿ ಹುಟ್ಟಿದ್ರು. ಮಾರೋನು ಸುಳ್ಳು ಹೇಳಬಾರದು, ಅಷ್ಟೇ. ಇದಕ್ಕೂ ಕಥೆ ಬೇಕಾ?" ನನಗೆ ನಾಚಿಕೆಯಾಯಿತು. ಒಳ್ಳೆಯತನಕ್ಕೆ ಗಾಯದ ಗುರುತು ಕೇಳುವುದು ಬರೆಯುವವರ ಚಾಳಿ.

ಹೊಳೆಯಾಚೆ ಹೆರಿಗೆಗೆಂದು ಒಂದು ಮಂಚವೂ ಇರಲಿಲ್ಲ. ಅಲ್ಲಿನ ಹೆಂಗಸರು ನಮ್ಮಲ್ಲಿಗೆ ಬಂದರೆ ಅವರಿಗೂ ಒಳ್ಳೆಯದು, ಅರ್ಧಕ್ಕೆ ನಿಂತಿದ್ದ ನಮ್ಮ ಹೊಸ ಕಟ್ಟಡಕ್ಕೂ ಒಳ್ಳೆಯದು ಎಂದು ದೊಡ್ಡ ಡಾಕ್ಟರ್ ಲೆಕ್ಕ ಹಾಕಿದ್ದರು. ಸಾಹೇಬರು ಎಂದಿನಂತೆ ತಂಬಿಗೆ ಹೊತ್ತು ಹೊರಟರು. ಆಸ್ಪತ್ರೆಯ ನಲ್ಲಿಯಲ್ಲಿ ನೀರು ತುಂಬಿ, ಆಟೋ ಏರಿ, ಹೊಳೆಯ ಹಳೆಯ ಸೇತುವೆ ದಾಟಿ ಆಚೆಯ ಊರಿನ ಬೇಕರಿ ಮುಂದೆ ಇಳಿದಾಗ ಇಪ್ಪತ್ತೈದು ನಿಮಿಷ, ಒಂದು ಬೆರಳು. ಮತ್ತೆ ಎರಡು ದಿನ ಹೋದರು, ಅಷ್ಟೇ. "ಆಸ್ಪತ್ರೆ ಇಪ್ಪತ್ತೈದು ನಿಮಿಷದ ದಾರಿ" ಎಂಬ ವಾಕ್ಯವನ್ನು ನಾನು ಬರೆದುಕೊಟ್ಟೆ. ಮೂವತ್ತೆರಡು ಫಲಕಗಳು ಎದ್ದು ನಿಂತವು, ಮೊದಲನೆಯದು ಆ ಬೇಕರಿಯ ಎದುರಿಗೇ.

ಒಂದೂವರೆ ತಿಂಗಳ ನಂತರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತ ಆಟೋದೊಳಗಿಂದ ಎರಡು ಅಳು ಕೇಳಿಸಿದವು, ಒಂದು ದೊಡ್ಡದು, ಒಂದು ಎಳೆಯದು. ಹಿರಿಯ ಸಿಸ್ಟರ್ ಓಡಿಹೋಗಿ ಸೀಟಿನಲ್ಲೇ ಹೊಕ್ಕುಳಬಳ್ಳಿ ಕತ್ತರಿಸಿದರು. ಆಚೆಯ ಊರಿನ ಬೇಕರಿಯಲ್ಲಿ ಬ್ರೆಡ್ ಬೇಯಿಸುವ ಹೆಂಗಸು ಅವಳು. ಸೇತುವೆಯ ಏರಿನಲ್ಲಿ, ಕಲ್ಲು ತುಂಬಿದ ಲಾರಿಯೊಂದರ ಹಿಂದೆ ಆಟೋ ಸಿಕ್ಕಿಹಾಕಿಕೊಂಡಿದ್ದಾಗ, ಅತ್ತೆಯ ಕೈಗೆ ಮಗಳನ್ನು ಹೆತ್ತಿದ್ದಳು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಕಿಟಕಿಯಲ್ಲಿ ನಿಂತು ನೋಡಿದ ಸಾಹೇಬರ ಮುಖ ಮಾತ್ರ ಬಿಳಿಚಿಕೊಂಡಿತು.

ಮರುದಿನ ಅವರು ವಾರ್ಡಿಗೆ ಹೋದರು, ನಾನೂ ಹಿಂದೆ ಹೋದೆ. ಬೇಕರಿಯ ಹೆಂಗಸು ದಿಂಬಿಗೊರಗಿ ಕೂತು ಮಗುವಿನ ಕೈಬೆರಳು ಬಿಡಿಸಿ ನೋಡುತ್ತಿದ್ದಳು.

"ಎಷ್ಟು ಹೊತ್ತಿಗೆ ಹೊರಟೆ ತಾಯಿ?" ಎಂದು ಸಾಹೇಬರು ಕೇಳಿದರು.

"ನೋವು ಏಳಕ್ಕೇ ಬಂತು ಸಾರ್. ಒಲೆಯಲ್ಲಿ ಬ್ರೆಡ್ ಇತ್ತು. ಇಪ್ಪತ್ತೈದು ನಿಮಿಷ ತಾನೇ, ಇದನ್ನ ತೆಗೆದಿಟ್ಟೇ ಹೋಗೋಣ ಅಂದ್ಕೊಂಡೆ. ನಿಮ್ಮ ಬೋರ್ಡು ನಮ್ಮೆದುರಿಗೇ ಇದೆಯಲ್ಲ."

"ನಾನೇ ಕೂತು ನೋಡಿದ್ದೆ ಕಣಮ್ಮ. ಮೂರು ಸಲ."

"ಯಾವ ಕಡೆಯಿಂದ ಕೂತ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದವರಿಗೆ ದಾರಿ ಹೇಳುವಾಗಿನ ತಾಳ್ಮೆಯಿತ್ತು. "ನೀವು ಇಲ್ಲಿಂದ ಅಲ್ಲಿಗೆ ಬರ್ತೀರಿ, ನಿಮ್ಮ ಮುಂದೆ ಹೋಗೋದೆಲ್ಲ ನಮ್ಮ ಕಡೆ ಕ್ವಾರಿಗೆ ಬರೋ ಖಾಲಿ ಲಾರಿ. ನಾವು ಅಲ್ಲಿಂದ ಇಲ್ಲಿಗೆ ಬರಬೇಕು. ನಮ್ಮ ಮುಂದೆ ಕಲ್ಲು ತುಂಬಿದ ಲಾರಿ, ಸೇತುವೆ ದಾಟಿದ ಮೇಲೆ ಏರು. ಬೆಳಿಗ್ಗೆ ಹೊತ್ತು ಅದು ಮುಂದಕ್ಕೇ ಹೋಗಲ್ಲ."

ಸಾಹೇಬರು ಕೋಟಿನಿಂದ ತಂಬಿಗೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದರು. ಹತ್ತು ವರ್ಷ ಅವರು ಎಲ್ಲ ರಸ್ತೆಗಳನ್ನೂ ಅಳೆದದ್ದು ಆಸ್ಪತ್ರೆಯಿಂದ ಹೊರಕ್ಕೆ. ಕಚೇರಿ ಇಲ್ಲಿತ್ತು, ನಲ್ಲಿ ಇಲ್ಲಿತ್ತು, ಮಾರುವವನು ಹೊರಡುವುದೂ ಇಲ್ಲಿಂದಲೇ. ಹಗಲೆಲ್ಲ ಆಚೆಯ ಬೀದಿಗಳಲ್ಲಿ ಓಡಾಡಿ ಸಂಜೆ ಮರಳುವಾಗ ತಂಬಿಗೆಯ ನೀರು ಕುಡಿದು ಮುಗಿದಿರುತ್ತಿತ್ತು, ಲಾರಿಗಳ ಓಡಾಟವೂ ಮುಗಿದಿರುತ್ತಿತ್ತು, ಸಾಹೇಬರು ಸೀಟಿಗೊರಗಿ ತೂಕಡಿಸುತ್ತಿದ್ದರು. ಹೆರಿಗೆಗೆಂದು ಆಸ್ಪತ್ರೆಯಿಂದ ಹೊರಕ್ಕೆ ಯಾರೂ ಹೋಗುವುದಿಲ್ಲ ಎನ್ನುವುದು ಅವರಿಗಾಗಲಿ, ಅಕ್ಷರಗಳಲ್ಲೇ ಮುಳುಗಿರುವ ನನಗಾಗಲಿ ಹೊಳೆದೇ ಇರಲಿಲ್ಲ. ಅವರು ಮಗುವಿನ ಪಾದವನ್ನು ಒಂದು ಬೆರಳಿನಿಂದ ಮುಟ್ಟಿ, "ತಪ್ಪಾಯ್ತು ಪುಟ್ಟಮ್ಮ" ಎಂದು ಎದ್ದುಬಂದರು.

ಮುಂದಿನ ಮೂರು ದಿನ ಮೊದಲ ಬಸ್ಸಿಗೆ ಹೊಳೆಯಾಚೆ ಹೋಗಿ, ಬೇಕರಿಯ ನಲ್ಲಿಯಲ್ಲಿ ನೀರು ತುಂಬಿ, ಎಂಟು ಗಂಟೆಗೆ ಆಟೋ ಹತ್ತಿ ಈಚೆಗೆ ಬಂದರು. ಐವತ್ತೈದು ನಿಮಿಷ, ಐವತ್ತೆಂಟು, ಮೂರನೆಯ ದಿನ ಒಂದು ಗಂಟೆ. ನೀರು ನಾಲ್ಕು ಬೆರಳು.

ನಾಲ್ಕನೆಯ ದಿನ ದೊಡ್ಡ ಡಾಕ್ಟರ ಕೋಣೆಯಲ್ಲಿ ಮಾತಾಯಿತು. ಮೂವತ್ತೆರಡೂ ಫಲಕಗಳ ಮೇಲೆ ಒಂದು ಗಂಟೆ ಎಂದು ಬರೆಸಬೇಕು ಎನ್ನುವುದು ಸಾಹೇಬರ ಕೋರಿಕೆ. ಡಾಕ್ಟರ್ ಒಪ್ಪಲಿಲ್ಲ, ಮತ್ತು ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. "ಒಂದು ಗಂಟೆ ಅಂತ ಓದಿದ್ರೆ ಅವರು ಬರೋದೇ ಇಲ್ಲ. ಅಷ್ಟು ದೂರ ಯಾರು ಹೋಗ್ತಾರೆ ಅಂತ ಮನೆಯಲ್ಲೇ ಉಳ್ಕೊಳ್ತಾರೆ. ಅದು ಇನ್ನೂ ಅಪಾಯ. ಇಪ್ಪತ್ತೈದು ಅಂತ ನಂಬಿಯಾದ್ರೂ ಹೊರಡಲಿ." ನನ್ನ ತಲೆ ತಾನಾಗಿಯೇ ಹೌದೆಂದು ಆಡಿತು.

"ಹೊರಡ್ತಾರೆ ಡಾಕ್ಟ್ರೇ, ತಡವಾಗಿ ಹೊರಡ್ತಾರೆ. ಮುಂದಿನೋಳಿಗೆ ಈ ಪುಣ್ಯ ಇರುತ್ತೋ ಇಲ್ವೋ" ಎಂದರು ಸಾಹೇಬರು. ಆಮೇಲೆ ಜೇಬಿನಿಂದ ಕಚೇರಿಯ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. "ಆ ಬೋರ್ಡು ಹಾಗೇ ನಿಂತ್ರೆ ನನ್ನ ಕೈಲಿ ಈ ಕೆಲಸ ಆಗಲ್ಲ. ಆದ್ರೆ ಹೋಗೋ ಮುಂಚೆ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನೀವು ಕೂತು ನೋಡಿದ್ರಾ?"

ಇಪ್ಪತ್ತು ವರ್ಷಗಳಲ್ಲಿ ದೊಡ್ಡ ಡಾಕ್ಟರನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರ ಮೂಗು ಕೆಂಪಾಯಿತು. ಬೀಗದಕೈಯನ್ನು ಮೇಜಿನ ಖಾನೆಯೊಳಗೆ ಹಾಕಿ, "ನಾಳೆ ಎಷ್ಟು ಗಂಟೆಗೆ?" ಎಂದರು.

ಮರುದಿನ ಎಂಟಕ್ಕೆ ನಾವು ಮೂವರೂ ಬೇಕರಿಯ ಮುಂದಿದ್ದೆವು. ದೊಡ್ಡ ಡಾಕ್ಟರ್ ಹಿಂದಿನ ಸೀಟಿನಲ್ಲಿ ಕೂತರು. ಕಾಲುಗಳು ನೆಲಕ್ಕೆ ಎಟುಕದೆ ತೂಗಾಡುತ್ತಿದ್ದವು. ಸಾಹೇಬರು ಅವರ ಮಡಿಲಿಗೆ ತಂಬಿಗೆ ಕೊಟ್ಟು ಪಕ್ಕದಲ್ಲಿ ಕೂತರು, ನಾನು ಚಾಲಕನ ಪಕ್ಕ ಒತ್ತಿಕೊಂಡೆ. ಊರು ದಾಟುವವರೆಗೆ ಡಾಕ್ಟರ್ ಫೋನಿನಲ್ಲಿ ಯಾರಿಗೋ ಔಷಧ ಹೇಳುತ್ತಿದ್ದರು. ಸೇತುವೆಯ ಮೇಲೆ ಫೋನು ಚೀಲಕ್ಕೆ ಹೋಯಿತು, ಎರಡು ಕೈಯೂ ತಂಬಿಗೆಗೆ ಬೇಕಾಯಿತು. ಏರಿನಲ್ಲಿ ಲಾರಿ ನಿಂತಿತು. ನಾವೂ ನಿಂತೆವು. ಲಾರಿ ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ನಾವು ಮುಗ್ಗರಿಸಿ ನಿಂತೆವು. ನೀರು ಚೆಲ್ಲಿ ಡಾಕ್ಟರ ಮಡಿಲು ಒದ್ದೆಯಾಯಿತು. ಹೊಗೆ, ಕಲ್ಲಿನ ಧೂಳು, ಬಿಸಿಲು. ಹಾಗೆ ಇಪ್ಪತ್ತು ನಿಮಿಷ. ಸಾವಿರಾರು ಹೆಂಗಸರನ್ನು ಬಾಗಿಲಲ್ಲಿ ಬರಮಾಡಿಕೊಂಡಿದ್ದ ಆಕೆ, ಅವರೆಲ್ಲ ಆ ಬಾಗಿಲವರೆಗೆ ಹೇಗೆ ಬರುತ್ತಾರೆಂಬುದನ್ನು ಆವತ್ತು ನೋಡಿದರು.

"ಇಷ್ಟು ಹೊತ್ತು ಅವರು ಏನು ಮಾಡ್ತಾರೆ?" ಎಂದು ಬಹಳ ಮೆತ್ತಗೆ ಕೇಳಿದರು.

"ಹೀಗೇ ಕೂತಿರ್ತಾರೆ" ಎಂದರು ಸಾಹೇಬರು.

ಆಸ್ಪತ್ರೆಗೆ ಬಂದು ಇಳಿದಾಗ ಡಾಕ್ಟರ್ ಒದ್ದೆ ಬಟ್ಟೆಯಲ್ಲೇ ಕೋಣೆಗೆ ಹೋಗಿ, ಬೀಗದಕೈ ತಂದು ಸಾಹೇಬರ ಕೋಟಿನ ಜೇಬಿಗೆ ಹಾಕಿದರು. "ಬೋರ್ಡು ಬದಲಾಯಿಸಿ. ಹೊಸ ಕಟ್ಟಡದ ಮೇಲಂತಸ್ತು ಸದ್ಯಕ್ಕೆ ಇರಲಿ. ಹೊಳೆಯಾಚೆ ಎರಡು ಮಂಚ ಹಿಡಿಯೋ ಜಾಗ ಎಲ್ಲಾದ್ರೂ ಸಿಗುತ್ತಾ ನೋಡಿ."

ಸಾಹೇಬರು ಸಂಜೆ ಹೊತ್ತಿನಲ್ಲೂ ಆಚೆಯಿಂದ ಕೂತು ಅಳೆದ ಮೇಲೆ ಹೊಸ ಫಲಕದ ಮಾತುಗಳನ್ನು ನಾನು ಬರೆದೆ, ಆದರೆ ಅದರ ಒಳ್ಳೆಯ ಭಾಗ ನನ್ನದಲ್ಲ: "ಇಲ್ಲಿಂದ ಆಸ್ಪತ್ರೆಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ. ನೋವು ಬಂದ ಕೂಡಲೇ ಹೊರಡಿ. ಒಲೆಯಲ್ಲಿ ಏನಿದ್ದರೂ ಬಿಟ್ಟು ಹೊರಡಿ." ಕೊನೆಯ ವಾಕ್ಯವನ್ನು ಬೇಕರಿಯ ಹೆಂಗಸು ಹೇಳಿ ಬರೆಸಿದ್ದಳು. ಮೊದಲ ತಿಂಗಳು ಹೊಳೆಯಾಚೆಯಿಂದ ಬರುವವರು ನಿಜಕ್ಕೂ ಕಡಿಮೆಯಾದರು, ಸಾಹೇಬರ ಮುಖ ಸಣ್ಣಗಾಯಿತು. ಎರಡನೆಯ ತಿಂಗಳಿಂದ ಬರತೊಡಗಿದರು. ಹೊತ್ತಿಗೆ ಮುಂಚೆ, ಬಟ್ಟೆಯ ಗಂಟು ಕಟ್ಟಿಕೊಂಡು, ಬಾಗಿಲಲ್ಲಿ ಅರಚದೆ, ಕೈಯಾಸರೆಯ ಬೆಂಚಿನ ಮೇಲೆ ಕೂತು ಕಾಯುತ್ತಾ. ವರ್ಷ ತುಂಬುವುದರೊಳಗೆ ಬೇಕರಿಯ ಪಕ್ಕದ ಖಾಲಿ ಮಳಿಗೆಯಲ್ಲಿ ಎರಡು ಮಂಚ, ಒಬ್ಬ ಸಿಸ್ಟರ್, ಒಂದು ಬಿಸಿನೀರಿನ ಒಲೆ ಬಂದು ಕೂತವು. ಅಲ್ಲಿ ಹುಟ್ಟುವ ಮಕ್ಕಳು ಮೊದಲ ಉಸಿರಿಗೇ ಬಿಸಿ ಬ್ರೆಡ್ಡಿನ ವಾಸನೆ ಕುಡಿಯುತ್ತವೆ. ಆ ಜಾಗಕ್ಕೆ ಫಲಕವೇ ಬೇಕಾಗಲಿಲ್ಲ.

ನಿವೃತ್ತಿಯ ದಿನ ಸಾಹೇಬರು ತಂಬಿಗೆಯನ್ನು ಹೆಂಡತಿಗೆ ಒಪ್ಪಿಸಿದರಂತೆ. ಆ ತಾಯಿ ಅದರ ನೆಗ್ಗುಗಳ ಮೇಲೆ ಕೈಯಾಡಿಸಿ, ಉಳಿದ ಐದರ ಪಕ್ಕದಲ್ಲಿಟ್ಟು ನೋಡಿ, "ಇದು ಇನ್ನು ಈ ಮನೇದಲ್ಲ ಬಿಡಿ" ಎಂದು ತಿರುಗಿ ಕೊಟ್ಟರಂತೆ. ಈಗ ಅದು ಬೇಕರಿಯ ಹೆಂಗಸಿನ ಬಳಿ ಇದೆ. ವಾರಕ್ಕೊಂದು ಬೆಳಿಗ್ಗೆ ಅವಳು ಬ್ರೆಡ್ ತೆಗೆದಿಟ್ಟು, ತಂಬಿಗೆ ತುಂಬಿಕೊಂಡು ಆಟೋ ಹತ್ತಿ ಆಸ್ಪತ್ರೆಗೆ ಬಂದು, ಎಷ್ಟು ನಿಮಿಷ, ಎಷ್ಟು ಬೆರಳು ಎಂದು ಪ್ರಚಾರ ವಿಭಾಗದಲ್ಲಿ ಬರೆಸಿ ಹೋಗುತ್ತಾಳೆ. ಜೊತೆಗೆ ಮಗಳೂ ಬರುತ್ತಾಳೆ. ಸೇತುವೆಯ ಏರು ಬಂದಾಗ ಅವಳು ಕೇಕೆ ಹಾಕುತ್ತಾಳಂತೆ.

ಸಾಹೇಬರಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಮಹಾತ್ಮರಲ್ಲ, ಹೊಸದೇನನ್ನೂ ಕಂಡುಹಿಡಿದವರಲ್ಲ. ಆಡಿದ ಮಾತಿನ ಮೇಲೆ ತಾವೇ ಮೊದಲು ಕೂತು, ಅದು ತಮ್ಮ ಭಾರವನ್ನಾದರೂ ತಾಳುತ್ತದೆಯೇ ಎಂದು ನೋಡುವವರು. ಅವರ ಹಠ ಸುತ್ತಲಿನವರಿಗೆ ಕಿರಿಕಿರಿ, ಮನೆಯವರಿಗೆ ನಗೆಪಾಟಲು. ಅಷ್ಟೆಲ್ಲ ಅಳೆದೂ ಅವರು ತಪ್ಪುತ್ತಾರೆ, ಯಾಕೆಂದರೆ ಯಾರೇ ಆದರೂ ಅಳೆಯಲು ಹೊರಡುವುದು ತಾವು ನಿಂತ ಜಾಗದಿಂದಲೇ. ಆದರೆ ತಪ್ಪಿದೆನೆಂದು ತಿಳಿದ ಮರುದಿನ ಮೊದಲ ಬಸ್ಸಿಗೆ ಆಚೆ ದಡಕ್ಕೆ ಹೋಗಿ, ಅಲ್ಲಿನ ನಲ್ಲಿಯಲ್ಲಿ ನೀರು ತುಂಬಿಕೊಂಡು ಈ ಕಡೆಗೆ ಮುಖ ಮಾಡಿ ಕೂರುತ್ತಾರಲ್ಲ, ಅವರ ದೊಡ್ಡತನವೆಲ್ಲ ಅಲ್ಲಿದೆ. ದಾರಿಯನ್ನು ನೋವಿರುವ ತುದಿಯಿಂದ ಅಳೆಯಬೇಕೆಂಬುದನ್ನು ನಾನು ಅವರಿಂದ ಕಲಿತೆ, ಅದೂ ನನ್ನದೇ ಒಂದು ವಾಕ್ಯ ಸೇತುವೆಯ ಏರಿನಲ್ಲಿ ಒಬ್ಬಳು ತಾಯಿಯ ಕೈಬಿಟ್ಟ ಮೇಲೆ.